ಹಸಿ ತಿಳಿ

ಟ್ಯೂಬಿನ ತಳದಲ್ಲಿ ಗುಂಡಿ ಕೂತಿತ್ತು. ಎಳೆಗೂಸಿನ ಅಂಗಿಗೆ ಹೊಲಿಯುವ ಗುಂಡಿಯಷ್ಟು ಚಿಕ್ಕದಾಗಿ, ದುಂಡಗೆ, ಕೆಂಪಗೆ ತಳಕ್ಕಂಟಿಕೊಂಡಿತ್ತು. ಅದರ ಮೇಲಿನ ನೀರು ಆಗಷ್ಟೇ ತುಂಬಿಟ್ಟ ಕೊಡದ ನೀರಿನ ಹಾಗೆ ನಿರ್ಮಲವಾಗಿತ್ತು. ಅವಳು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಇಳಿಸಿದಳು, ಮತ್ತೆ ಹಿಡಿದಳು. ನೋಡಿದಷ್ಟು ಸಲವೂ ಗುಂಡಿ ಗುಂಡಿಯೇ. ಪಕ್ಕದಲ್ಲಿ, ಹೋಲಿಸಿ ನೋಡಲೆಂದು ಇಟ್ಟಿದ್ದ ಟ್ಯೂಬಿನಲ್ಲಿ, ರಕ್ತಕಣಗಳೆಲ್ಲ ಒಡೆದು ಕರಗಿ ನೀರಿಗೆ ನೀರೇ ದಾಳಿಂಬೆಯ ರಸದಂತೆ ಕೆಂಪಾಗಿ, ಆಚೆ ಬದಿಯ ಬೆರಳು ಕಾಣುವಷ್ಟು ತೆಳುವಾಗಿ ಹೊಳೆಯುತ್ತಿತ್ತು. ಹಾಗೆ ಆಗಬೇಕು. ಹಾಗೆಯೇ ಆಗುವುದು. ಆಸ್ಪತ್ರೆಯ ಈ ರಕ್ತಪರೀಕ್ಷೆಯ ಕೋಣೆಯಲ್ಲಿ ಕೂದಲು ನರೆಸಿಕೊಂಡವಳು ಅವಳು; ಪೂರ್ತಿ ಕರಗದ್ದನ್ನು ಕಂಡಿದ್ದಳು, ಅರ್ಧಕ್ಕೆ ನಿಂತದ್ದನ್ನು ಕಂಡಿದ್ದಳು, ಒಂದು ಕಣವೂ ಮಿಸುಕದೆ ಇಡಿಗೆ ಇಡಿ ತಳ ಸೇರಿದ್ದನ್ನು ಕಂಡಿರಲಿಲ್ಲ. ಮೊದಲ ಸಲ ಕಂಡದ್ದು ಸ್ವಂತ ತಮ್ಮನ ರಕ್ತದಲ್ಲಿ. ಆದರೂ ಟ್ಯೂಬು ಹಿಡಿದ ಬೆರಳು ನಡುಗಲಿಲ್ಲ. ಆ ಬೆರಳುಗಳಿಗೆ ನಡುಗಿ ಅಭ್ಯಾಸವಿರಲಿಲ್ಲ.

ಇಲ್ಲಿ ರಕ್ತವನ್ನು ರಕ್ತವೆಂದು ಬಿಡುವುದಿಲ್ಲ. ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ಹೊಂಬಣ್ಣದ ತಿಳಿಯನ್ನು ಬಸಿದುಕೊಳ್ಳುತ್ತಾರೆ. ಡಾಕ್ಟರುಗಳಿಗೆ ಅದು ಸೀರಂ. ಈ ಕೋಣೆಯವರಿಗೆ ಯಾವ ಕಾಲದಿಂದಲೋ ಬರಿಯ ತಿಳಿ. ಆ ತಿಳಿಯಲ್ಲಿ ಪ್ರತಿಕಾಯಗಳಿರುತ್ತವೆ: ಮೈಯೊಳಗೆ ನುಗ್ಗಿದ ಪರಕೀಯನನ್ನು ಗುರುತು ಹಿಡಿದು ಅವನ ಮೈಗೆ ಅಂಟಿಕೊಳ್ಳುವಂಥವು. ಅಂಟುತ್ತವೆ, ಅಷ್ಟೇ, ಕೊಲ್ಲುವುದು ಅವುಗಳ ಕೆಲಸವಲ್ಲ. ಕೊಲ್ಲಲು ಪೂರಕಗಳು ಬರಬೇಕು. ಅದೇ ತಿಳಿಯಲ್ಲಿ ಏನೂ ಅರಿಯದವರಂತೆ ತೇಲಾಡಿಕೊಂಡಿರುವ ಒಂದು ಹಿಂಡು ಪ್ರೊಟೀನುಗಳವು. ಗುರುತು ಕಂಡದ್ದೇ ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಒಂದರ ಬೆನ್ನಿಗೊಂದು ಬಂದು, ಕೊನೆಗೆ ಸುತ್ತುಗಟ್ಟಿ ನಿಂತು ವೈರಿಯ ಚರ್ಮಕ್ಕೆ ತೂತು ಕೊರೆಯುತ್ತವೆ. ಸಾಲಿನಲ್ಲಿ ಒಬ್ಬ ಬಾರದೆ ಹೋದರೂ ಸುತ್ತು ಕೂಡುವುದಿಲ್ಲ. ಪರೀಕ್ಷೆಯೂ ಅಷ್ಟೇ ಸರಳ: ಕುರಿಯ ರಕ್ತಕಣಗಳಿಗೆ ಮೊದಲೇ ಪ್ರತಿಕಾಯ ಅಂಟಿಸಿ, ರೋಗಿಯ ತಿಳಿಯನ್ನು ಬೆರೆಸಿಟ್ಟರೆ, ಪೂರಕಗಳು ಬಂದು ಕಣಗಳನ್ನು ಒಡೆಯಬೇಕು. ತಮ್ಮನಿಗೆ ಮಿದುಳು ಪೊರೆಯ ಜ್ವರ ಬಂದದ್ದು ಇದು ಎರಡನೆಯ ಸಲ. ಮೊದಲನೆಯದು ಎಳವೆಯಲ್ಲಿ ಬಂದು ಎಡಗಿವಿಯನ್ನು ತೆಗೆದುಕೊಂಡು ಹೋಗಿತ್ತು. ಜೀವಮಾನದಲ್ಲಿ ಒಮ್ಮೆ ಬಂದರೇ ಹೆಚ್ಚು, ಎರಡು ಸಲ ಯಾಕೆ ಬರಬೇಕು ಎಂದು ವಾರ್ಡಿನ ಡಾಕ್ಟರು ತಲೆ ಕೆರೆದುಕೊಂಡು ಈ ಪರೀಕ್ಷೆ ಬರೆದಿದ್ದರು. ಜ್ವರ ಬಿಟ್ಟಿತ್ತು. ಮನೆಗೆ ಕಳಿಸುವ ಮಾತೂ ಆಗಿತ್ತು. ಸುಮ್ಮನೆ ಒಂದು ನೋಡಿಬಿಡೋಣ ಎಂಬ ಪರೀಕ್ಷೆ ಅದು.

"ಅಕ್ಕ, ಹಸೀದೇ ತಾನೇ ಹಾಕಿದ್ದು?"

ಕೋಣೆಯ ಡಾಕ್ಟರಮ್ಮ ಯಾವಾಗ ಬೆನ್ನ ಹಿಂದೆ ಬಂದು ನಿಂತಿದ್ದರೋ ಗೊತ್ತಾಗಲಿಲ್ಲ. ವಯಸ್ಸಿನಲ್ಲಿ ಅವಳಿಗಿಂತ ತೀರ ಚಿಕ್ಕವರು. ಎಲ್ಲರನ್ನೂ ಅಕ್ಕ, ಅಣ್ಣ ಎಂದೇ ಕರೆಯುವವರು.

"ಹಸೀದೇ ಮೇಡಂ."

"ಬೆಳಿಗ್ಗೆ ಬೇಯಿಸೋ ಸಾಲಿಗೆ ಇದೂ ಸೇರಿಹೋಗಿಲ್ಲ ಅಲ್ವಾ?"

"ನಂಗೆ ಗೊತ್ತಾಗಲ್ವಾ ಮೇಡಂ? ನನ್ನ ತಮ್ಮನ ರಕ್ತ ಅದು."

"ಅದಕ್ಕೇ ಕೇಳಿದ್ದು. ಮನಸ್ಸು ಒಂದು ಕಡೆ ಇದ್ರೆ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿಬಿಡುತ್ತೆ. ಮೊನ್ನೆ ನಾನು ಮನೆಗೆ ಬೀಗ ಹಾಕಿ ಬೀಗದ ಕೈನ ಕಸದ ಬುಟ್ಟಿಗೆ ಹಾಕಿ ಬಂದೆ. ಕಸ ಕೈಲೇ ಇತ್ತು."

ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಈ ಕೋಣೆಗೆ ಬರುವ ತಿಳಿಯಲ್ಲಿ ಬಹುಪಾಲಿನದನ್ನು ಮೊದಲು ಬಿಸಿನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಾರೆ. ಆ ಬಿಸಿಗೆ ಪೂರಕಗಳು ಸಾಯುತ್ತವೆ, ಪ್ರತಿಕಾಯಗಳು ಜಗ್ಗುವುದಿಲ್ಲ. ಬೇರೆ ಪರೀಕ್ಷೆಗಳಿಗೆ ಪೂರಕಗಳದ್ದು ಬರೀ ಅಡ್ಡಗಾಲು. ಇದಕ್ಕೆ ಬೇಯಿಸೋದು ಎನ್ನುತ್ತಾರೆ. ಬೆಂದ ತಿಳಿ, ಹಸಿ ತಿಳಿ. ಈ ಒಂದು ಪರೀಕ್ಷೆಗೆ ಮಾತ್ರ ಹಸಿಯೇ ಬೇಕು. ಬೆಂದದ್ದನ್ನು ಹಾಕಿದರೆ ಎಂಥ ಗಟ್ಟಿಮುಟ್ಟಾದವನ ರಕ್ತವೂ ಗುಂಡಿ ಕೂರುತ್ತದೆ. ಕೆಲಸಕ್ಕೆ ಸೇರಿದಂದಿನಿಂದ ಬೆಳಿಗ್ಗೆ ಬಂದ ಕೂಡಲೇ ಅವಳ ಕೈ ಮಾಡುವ ಮೊದಲ ಕೆಲಸ ಬೇಯಿಸುವುದು. ಇವತ್ತೂ ಬೇಯಿಸಿದಳು. ಅದರಲ್ಲಿ ತಮ್ಮನದು ಇತ್ತೋ? ಅವಳು ಕಣ್ಣು ಮುಚ್ಚಿ ಬೆಳಗಿನ ತನ್ನ ಕೈಯನ್ನು ಹಿಂಬಾಲಿಸಿದಳು. ಕೈ ತಟ್ಟೆಯ ಕಡೆ ಹೋಗುತ್ತದೆ, ಮುಚ್ಚಳ ಬಿಗಿಯುತ್ತದೆ, ತೊಟ್ಟಿಯ ಮುಚ್ಚಳ ಎತ್ತುತ್ತದೆ, ಹಬೆ ಮುಖಕ್ಕೆ ತಾಗುತ್ತದೆ. ಆಮೇಲೆ ಯಾವ ಟ್ಯೂಬು, ಯಾವುದರ ನಂತರ ಯಾವುದು? ಕಂಡದ್ದು ಇವತ್ತಿನ ಕೈಯೋ, ನಿನ್ನೆಯದೋ, ಸಾವಿರಾರು ಬೆಳಗುಗಳು ಒಂದರ ಮೇಲೊಂದು ಕೂತು ದಪ್ಪವಾದ ಒಂದೇ ಕೈಯೋ? ತನ್ನ ಭುಜಕ್ಕೆ ಅಂಟಿಕೊಂಡೇ ಇರುವ ಕೈ ಏನು ಮಾಡಿತೆಂದು ತನಗೇ ಗೊತ್ತಿಲ್ಲ ಎಂಬುದು ತಿಳಿದಾಗ, ಎತ್ತರದ ಮೆಟ್ಟಿಲಿದೆಯೆಂದುಕೊಂಡು ಸಮನೆಲಕ್ಕೆ ಕಾಲಿಟ್ಟವಳಂತೆ ಎದೆ ಧಸಕ್ಕೆಂದಿತು.

"ಕೈ ತಪ್ಪಿರಬಹುದು ಮೇಡಂ" ಎಂದಳು.

ಹಾಗೆಂದ ಮೇಲೆ ಒಳಗೆ ಏನೋ ಹಗುರಾಯಿತು. ತಮ್ಮನಿಗೋಸ್ಕರ, ಎಂದುಕೊಂಡಳು. ತನ್ನ ಕೈತಪ್ಪಾದರೆ ಅವನ ರಕ್ತದಲ್ಲಿ ಎಲ್ಲವೂ ಇದೆ, ಅವನು ಉಳಿದವರಂತೆ ಬಾಳುತ್ತಾನೆ. ಆದರೆ ಆ ಹಗುರದ ಕೆಳಗೆ ಇನ್ನೊಂದು ಹಗುರವಿತ್ತು. ಅದನ್ನು ಮುಟ್ಟಿನೋಡುವ ಮೊದಲೇ ಅದೇನೆಂದು ಅವಳಿಗೆ ಗೊತ್ತಾಗಿ ಕಿವಿ ಬಿಸಿಯಾಯಿತು. ತಮ್ಮನ ರಕ್ತದಲ್ಲಿ ಪೂರಕ ಇಲ್ಲವೆಂದಾದರೆ ನಡುವಿನವನ ರಕ್ತದಲ್ಲೂ ಇರಲಿಲ್ಲವೆಂದಾಗುತ್ತದೆ. ಆಗ ಅಮ್ಮನ ಕೈ?

ನಡುವಿನವನು ಎಂದರೆ ಅವಳಿಗೂ ತಮ್ಮನಿಗೂ ನಡುವೆ ಹುಟ್ಟಿದವನು. ಅವನ ಹೆಸರನ್ನು ಮನೆಯಲ್ಲಿ ಯಾರೂ ಆಮೇಲೆ ಎತ್ತಲಿಲ್ಲ. ಅಮ್ಮ ಆಗ ಬೀದಿಯ ಕಾಯಿಲೆಯವರಿಗೆಲ್ಲ ತಾಯಿ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಹೋಗಿ ಪಕ್ಕದಲ್ಲಿ ಕೂರುವಳು, ಗಂಜಿ ಕುಡಿಸುವಳು, ಬಾಯಿ ಒರೆಸುವಳು. ದೇವರು ಎರಡು ಕೈ ಕೊಟ್ಟಿರೋದು ಒಂದು ನಮಗೆ, ಒಂದು ಇನ್ನೊಬ್ಬರಿಗೆ ಎನ್ನುವಳು. ಕೊನೇ ಮನೆಯ ಮುದುಕ ಕೆಮ್ಮಿ ಕೆಮ್ಮಿ ಪ್ರಾಣ ಬಿಟ್ಟ ದಿನ ಅಮ್ಮ ಅಲ್ಲಿಂದ ನೇರವಾಗಿ ಮನೆಗೆ ಬಂದಳು, ಹೊಸ್ತಿಲಲ್ಲಿ ಅಳುತ್ತ ನಿಂತಿದ್ದ ನಡುವಿನವನನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಕೆಲವೇ ದಿನಗಳಲ್ಲಿ ಅವನಿಗೆ ಜ್ವರ, ಕತ್ತು ಮರದ ಹಾಗೆ ಸೆಟೆದುಕೊಂಡಿತು, ಮೈಮೇಲೆ ನೇರಳೆ ಕಲೆ ಎದ್ದವು. ಆಸ್ಪತ್ರೆಯ ಗಾಡಿ ಬಾಗಿಲಿಗೆ ಬರುವಷ್ಟರಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಜಡೆಯ ರಿಬ್ಬನ್ನು ಕಟ್ಟಿಕೊಳ್ಳಲು ಇನ್ನೂ ಸರಿಯಾಗಿ ಬಾರದ ಅವಳು, ತುಂಬಿದ ಮನೆಯ ನಡುವೆ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು: "ಅಮ್ಮ ಕೈ ತೊಳೀಲಿಲ್ಲ. ಅವಳೇ ತಂದಿದ್ದು." ಅಳು ನಿಂತಿತು. ಎಲ್ಲರೂ ಅಮ್ಮನ ಕೈ ನೋಡಿದರು. ಅಪ್ಪನೂ ನೋಡಿದ. ಕೊನೆಗೆ ಅಮ್ಮನೂ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ, ಅಂಗೈ ಒಮ್ಮೆ ಮುಂಗೈ ಒಮ್ಮೆ ತಿರುಗಿಸಿ ನೋಡಿಕೊಂಡಳು. ಅಲ್ಲಿಂದ ಅಮ್ಮ ಯಾರ ಹಾಸಿಗೆಯ ಪಕ್ಕವೂ ಕೂರಲಿಲ್ಲ. ಕೈ ತೊಳೆದಳು. ಅನ್ನ ಬಡಿಸುವ ಮೊದಲು, ಬಾಗಿಲ ಚಿಲಕ ತೆಗೆದ ಮೇಲೆ, ಮಕ್ಕಳ ತಲೆ ಬಾಚುವ ಮೊದಲು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದಳು; ಬೆರಳ ಸಂದು ಬಿರಿದು ರಕ್ತ ಒಸರಿದರೂ ತೊಳೆದಳು. "ತೊಳೆದ್ಯಾ?" ಎಂದು ಇವಳು ಕೇಳುವಳು. "ತೊಳೆದೆ ಕಣೇ." ಅಪ್ಪ ಹೋದ ಮೇಲೆ, ಅಮ್ಮ ಇವಳ ಜೊತೆಯೇ ಇರಲು ಬಂದ ಮೇಲೆ, ಕೇಳುವ ಅಗತ್ಯವೂ ಬೀಳಲಿಲ್ಲ, ಒಂದು ಸಲ ಕಣ್ಣೆತ್ತಿ ನೋಡಿದರೆ ಸಾಕಿತ್ತು.

ಅದು ಕೈಯಿಂದ ಹರಡುವ ರೋಗವಲ್ಲ. ಉಸಿರಿನಿಂದ, ಕೆಮ್ಮಿನಿಂದ, ಹತ್ತಿರ ಕೂತವರ ಎಂಜಲ ಹನಿಯಿಂದ ಹರಡುವುದು. ಈ ಕೆಲಸ ಕಲಿಯುವಾಗ ಅದನ್ನು ಪುಸ್ತಕದಲ್ಲಿ ಓದಿದ ದಿನ ಅವಳು ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದೂ ಅಂದುಕೊಳ್ಳಲಿಲ್ಲ. ಹೇಳಬೇಕಾದ ಮಾತು ಇದೆಯೆಂಬುದನ್ನೇ ಮರೆಯಲು ಕಲಿತಳು. ಊಟಕ್ಕೆ ಕೂತಾಗ ಬಚ್ಚಲಿನಿಂದ ನೀರಿನ ಸದ್ದು ಕೇಳಿಸುತ್ತಿತ್ತು. ಆ ಸದ್ದು ನಿಂತ ಮೇಲೆ ತುತ್ತು ಎತ್ತುವುದು ಅವಳಿಗೆ ರೂಢಿಯಾಗಿತ್ತು.

"ಹೋಗಿ ಇನ್ನೊಂದು ಸಲ ರಕ್ತ ತನ್ನಿ" ಎಂದರು ಡಾಕ್ಟರಮ್ಮ. "ಈ ಸಲ ತೊಟ್ಟಿ ಸ್ವಿಚ್ಚನ್ನೇ ಆರಿಸಿಬಿಡ್ತೀನಿ. ಬೇಯೋ ಪ್ರಶ್ನೆಯೇ ಬೇಡ."

ವಾರ್ಡಿನಲ್ಲಿ ತಮ್ಮ ದಿಂಬಿಗೊರಗಿ, ಪಕ್ಕದ ಮಂಚದ ಕಾಲನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಬಡಗಿ ಅವನು, ಎಲ್ಲಿ ಮರ ಕಂಡರೂ ತಟ್ಟದೆ ಇರಲಾರ. ಅಮ್ಮ ಗೋಡೆಗೆ ತಾಗಿಸಿದ ಸ್ಟೂಲಿನ ಮೇಲೆ, ಮಂಚದಿಂದ ಒಂದು ಮಾರು ದೂರದಲ್ಲಿ, ಎರಡೂ ಕೈಗಳನ್ನು ಸೆರಗಿನ ಒಳಗೆ ಸುತ್ತಿಟ್ಟುಕೊಂಡು ಕೂತಿದ್ದಳು. ಮಗ ನೀರು ಕೇಳಿದರೆ ನರ್ಸನ್ನು ಕರೆಯುವಳು.

"ಮತ್ತೆ ಬಂದ್ಯಾ ಗುಂಡಕ್ಕ? ಬೆಳಿಗ್ಗೆ ಕುಡಿದದ್ದು ಸಾಲಲಿಲ್ವಾ?"

ಚಿಕ್ಕಂದಿನಿಂದ ಕಾಯಿಲೆಯೆಂದು ಒಂದು ದಿನ ಮಲಗಿದವಳಲ್ಲ, ಗುಂಡುಕಲ್ಲು, ಎಂದು ಮನೆಯವರು ಇಟ್ಟ ಹೆಸರು ಅದು. ಅವನ ಬಾಯಲ್ಲಿ ಗುಂಡಕ್ಕ ಆಗಿತ್ತು.

"ಸುಮ್ನೆ ಕೈ ಚಾಚು. ಇನ್ನೊಂದ್ಸಲ ಮಾಡ್ಬೇಕು."

"ಎಡಗಿವಿಗೆ ಹೇಳ್ತಿದೀಯ. ಅದು ರಜೆ ಮೇಲಿದೆ. ಬಲಗಡೆ ಬಂದು ಬೈಯಿ."

ಅವಳು ಸುತ್ತಿ ಬಲಕ್ಕೆ ಬಂದಳು. "ಪರೀಕ್ಷೆ ಇನ್ನೊಂದ್ಸಲ ಮಾಡ್ಬೇಕು ಅಂದೆ."

"ಫೇಲಾ? ಸ್ಕೂಲಲ್ಲೂ ಇದೇ ಹಣೆಬರಹ. ರಕ್ತನಾದ್ರೂ ಪಾಸಾಗುತ್ತೆ ಅಂದ್ಕೊಂಡಿದ್ದೆ."

"ಏನಾಯ್ತೇ?" ಎಂದಳು ಅಮ್ಮ ಗೋಡೆಯಿಂದ.

"ಏನಿಲ್ಲ. ಬೇಯಿಸಬಾರದ್ದನ್ನ ಬೇಯಿಸಿಬಿಟ್ಟೆ ಅನ್ಸುತ್ತೆ. ನನ್ನ ಕೈಯಿಂದಲೇ ಏನೋ ತಪ್ಪಾಗಿದೆ."

"ನಿನ್ನ ಕೈಯಿಂದ ತಪ್ಪಾಗೋದುಂಟಾ?" ಅಮ್ಮ ಒಂದು ಚಣವೂ ಯೋಚಿಸಲಿಲ್ಲ. "ಬೇರೆ ಏನೋ ಇರ್ಬೇಕು. ಸರಿಯಾಗಿ ನೋಡು."

ತೋಳಿಗೆ ಕಟ್ಟಹೊರಟಿದ್ದ ರಬ್ಬರಿನ ಪಟ್ಟಿ ಅವಳ ಕೈಯಿಂದ ಜಾರಿತು. ಯಾರೂ ಅವಳ ಕಪಾಳಕ್ಕೆ ಹೊಡೆದಿರಲಿಲ್ಲ; ಆದರೂ ಕೆನ್ನೆ ಉರಿಯಿತು. ಮಗಳ ಕೈ ತಪ್ಪು ಮಾಡುವುದಿಲ್ಲವೆಂದು ಹೇಳಲು ಅಮ್ಮನಿಗೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಅವಳು ಬಗ್ಗಿ ಪಟ್ಟಿ ಎತ್ತಿಕೊಂಡಳು, ಕಟ್ಟಿದಳು, ಮೊಣಕೈ ಒಳಗಿನ ನರವನ್ನು ಬೆರಳಿನಿಂದ ತಡವಿದಳು. ಸೂಜಿ ಹೋದದ್ದು ಗೊತ್ತಾಗದಷ್ಟು ನಯವಾಗಿ ಹೋಯಿತು. "ನೋಡಮ್ಮ, ನೊಣ ಕೂತಷ್ಟೂ ಆಗಲಿಲ್ಲ" ಎಂದ ತಮ್ಮ. ಟ್ಯೂಬು ತುಂಬುತ್ತಿದ್ದಾಗ ಅವನ ರಕ್ತ ಎಲ್ಲರದರಂತೆಯೇ ಗಾಢವಾಗಿ, ಬೆಚ್ಚಗೆ, ಯಾವ ಕೊರತೆಯನ್ನೂ ಮುಖದ ಮೇಲೆ ತೋರಿಸದೆ ಏರುತ್ತಿತ್ತು. ಇದರಲ್ಲಿ ಎಲ್ಲವೂ ಇರಲಿ ಎಂದು ಅವಳು ದೇವರನ್ನು ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ, ಆ ಬೇಡಿಕೆಯಲ್ಲಿ ತಮ್ಮನ ಪಾಲೆಷ್ಟು, ಅಮ್ಮನ ಮೇಲಿನ ತನ್ನ ಹಳೆಯ ತೀರ್ಪನ್ನು ಉಳಿಸಿಕೊಳ್ಳುವ ಪಾಲೆಷ್ಟು ಎಂದು ಅಳೆಯಲಾರದೆ ಬಾಯೊಳಗೇ ನಿಲ್ಲಿಸಿದಳು. ಅಂಥ ಬೇಡಿಕೆಯನ್ನು ಕೇಳಿಸಿಕೊಂಡ ದೇವರಿಗೂ ಮೇಲೆ ಮುಜುಗರವೇ ಆಗುತ್ತಿರಬೇಕು.

ಕೋಣೆಗೆ ಬಂದಾಗ ಬಿಸಿನೀರಿನ ತೊಟ್ಟಿ ನಿಜವಾಗಿಯೂ ಆರಿತ್ತು. ಅದರ ಮೇಲೆ ಸದಾ ಇರುವ ಹಬೆಯಿಲ್ಲದೆ ಕೋಣೆ ಅಪರಿಚಿತವಾಗಿ ಕಂಡಿತು. ಫ್ರೀಜರಿನಲ್ಲಿಟ್ಟ ಹಳೆಯ ತಿಳಿಯ ಸಹವಾಸವೇ ಬೇಡ, ಹೋಲಿಕೆಗೆ ಹಾಕುವುದೂ ಈಗಷ್ಟೇ ತೆಗೆದದ್ದಾಗಿರಲಿ ಎಂದು ಡಾಕ್ಟರಮ್ಮ ಕೋಟಿನ ತೋಳು ಮಡಚಿದರು. "ನಂದೊಂದು ತಗೊಳ್ಳಿ. ನಿಮ್ದೂ ಒಂದು ಹಾಕಿ. ಕಲ್ಲಿನಂಥ ಮೈ ಅಂತೀರಲ್ಲ, ಹೋಲಿಸೋಕೆ ಅದಕ್ಕಿಂತ ಒಳ್ಳೇದು ಯಾವುದಿದೆ." ಅವರ ರಕ್ತವನ್ನು ಅವಳು ತೆಗೆದಳು, ಅವಳದನ್ನು ಅವರು ತೆಗೆದರು. ತಿಳಿ ಬಸಿದದ್ದು, ಅಳೆದದ್ದು, ಕುರಿಯ ಕಣಗಳಿಗೆ ಬೆರೆಸಿದ್ದು ಎಲ್ಲವನ್ನೂ ಈ ಸಲ ಬಾಯಿಬಿಟ್ಟು ಹೇಳುತ್ತ ಮಾಡಿದಳು. ಇದು ತಮ್ಮನದು, ಹಾಕಿದೆ. ಇದು ನಿಮ್ಮದು, ಹಾಕಿದೆ. ಇದು ನಂದು. ಮಗುವಿಗೆ ತುತ್ತು ಉಣಿಸುವವರ ಹಾಗೆ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ಹೂಂ, ಹೂಂ ಎನ್ನುತ್ತಿದ್ದರು. ಮೂರೂ ಟ್ಯೂಬುಗಳನ್ನು ಮೈಯ ಬಿಸಿಯಷ್ಟೇ ಇರುವ ಸಣ್ಣ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು. ಕಾಯುತ್ತ ಹೊರಗೆ ನೋಡಿದಳು. ಕಿಟಕಿಯಾಚೆ ಗಾಡಿ ನಿಲ್ಲಿಸುವ ಜಾಗದಲ್ಲಿ ಯಾರೋ ಚಕ್ರದ ಕುರ್ಚಿಯನ್ನು ಖಾಲಿ ತಳ್ಳಿಕೊಂಡು ಹೋಗುತ್ತಿದ್ದರು. ಅಮ್ಮ ಕೈ ತೊಳೆಯುವ ಸದ್ದು ಎಂದಾದರೂ ಒಂದು ದಿನ ನಿಂತುಬಿಟ್ಟರೆ ಮನೆ ಹೇಗೆ ಕೇಳಿಸೀತು ಎಂದು ಅವಳು ಯೋಚಿಸಿದಳು.

ಪೆಟ್ಟಿಗೆ ತೆರೆದು ಮೊದಲು ಕೈಗೆ ಬಂದ ಟ್ಯೂಬನ್ನು ಎತ್ತಿದಳು. ದಾಳಿಂಬೆಯ ರಸ. ಅದು ಡಾಕ್ಟರಮ್ಮನದು. ಎರಡನೆಯದರ ತಳದಲ್ಲಿ ಗುಂಡಿ. ತಮ್ಮನದು. ಹಾಗಾದರೆ ಕೈ ತಪ್ಪಿರಲಿಲ್ಲ. ಇಲ್ಲವೆಂದರೆ ಇಲ್ಲ, ಅವನ ಮೈಯಲ್ಲಿ ಅದು ಹುಟ್ಟಿನಿಂದಲೇ ಇಲ್ಲ. ಅವಳು ಇದಕ್ಕೆ ಸಿದ್ಧಳಾಗಿದ್ದಳು ಅಥವಾ ಸಿದ್ಧಳಾಗಿದ್ದೇನೆ ಎಂದುಕೊಂಡಿದ್ದಳು. ಮುಂದೇನು ಮಾಡಬೇಕೆಂದು ಮನಸ್ಸು ಆಗಲೇ ಲಸಿಕೆ, ಮಾತ್ರೆ ಎಂದು ಓಡತೊಡಗಿತ್ತು. ಕೈ ಮಾತ್ರ ತನ್ನ ಪಾಡಿಗೆ ಮೂರನೆಯ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿಯಿತು. ಅದರ ತಳದಲ್ಲೂ ಗುಂಡಿ ಕೂತಿತ್ತು. ತಮ್ಮನದನ್ನೇ ಎರಡು ಸಲ ಹಾಕಿಬಿಟ್ಟೆ ಎಂದುಕೊಂಡಳು. ಚೀಟಿ ನೋಡಿದಳು. ಅವಳದೇ ಅಕ್ಷರ, ಅವಳದೇ ಹೆಸರು. ಟ್ಯೂಬನ್ನು ಮೆಲ್ಲಗೆ ಅಲುಗಿಸಿದಳು. ಗುಂಡಿಯಿಂದ ಕೆಂಪು ಎಳೆಯೊಂದು ಹೊಗೆಯಂತೆ ಎದ್ದು, ನೀರಿನಲ್ಲಿ ಸುಳಿದು, ಕರಗದೆ ಮತ್ತೆ ತಳಕ್ಕೆ ಇಳಿಯಿತು. ಎಲ್ಲ ಸದ್ದುಗಳೂ ಒಮ್ಮೆಗೇ ದೂರ ಸರಿದವು. ತನ್ನ ಚರ್ಮದ ಒಳಗೆ ಇಷ್ಟು ಕಾಲ ತಾನು ಭದ್ರವಾಗಿ ಇದ್ದೆನೆಂದುಕೊಂಡ ಮನೆಗೆ ಒಂದು ಗೋಡೆಯೇ ಇರಲಿಲ್ಲವೆಂದು, ಹಿಂಬದಿಯೆಲ್ಲ ಬಟ್ಟಬಯಲೆಂದು, ಆ ಬಯಲಿಗೆ ಬೆನ್ನು ಮಾಡಿ ಇಷ್ಟೂ ವರ್ಷ ನೆಮ್ಮದಿಯಾಗಿ ನಿದ್ದೆ ಹೊಡೆದೆನೆಂದು ಯಾರೋ ದೀಪ ಹಿಡಿದು ತೋರಿಸಿದಂತಾಯಿತು.

"ಅಕ್ಕ, ಕೂತ್ಕೊಳ್ಳಿ." ಡಾಕ್ಟರಮ್ಮ ಸ್ಟೂಲು ಎಳೆದರು. "ನಿಮಗೆ ಯಾವತ್ತಾದ್ರೂ ಅಂಥ ಜ್ವರ?"

"ನೆಗಡಿ ಬಿಟ್ರೆ ಏನೂ ಬಂದಿಲ್ಲ ಮೇಡಂ. ಅದ್ಹೇಗೆ? ಅವನಿಗೆ ಎರಡು ಸಲ. ಇನ್ನೊಬ್ಬ ಹೋಗೇಬಿಟ್ಟ. ನಂಗೆ ಯಾಕಿಲ್ಲ?"

"ಬಹಳ ಜನಕ್ಕೆ ಹೀಗೇ. ಈ ಕೊರತೆ ಇದ್ದೂ ಏನೂ ಆಗದೆ ಮುದುಕರಾಗಿರ್ತಾರೆ. ಬೇರೆ ಕ್ರಿಮಿಗಳನ್ನ ಮೈ ಬೇರೆ ದಾರೀಲಿ ಸುಧಾರಿಸುತ್ತೆ. ಈ ಒಂದು ಕ್ರಿಮಿಗೆ ಮಾತ್ರ ಪೂರಕದ ಸುತ್ತು ಪೂರ್ತಿ ಬೇಕೇಬೇಕು. ಅದು ರಕ್ತಕ್ಕೆ ಇಳಿದ್ರೆ ಕಷ್ಟ, ಇಳೀಲಿಲ್ಲ ಅಂದ್ರೆ ಇಲ್ಲ. ನಿಮಗೆ ಇಳೀಲಿಲ್ಲ. ಯಾಕೆ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ ಅಕ್ಕ."

"ಆಗ, ಆ ಹುಡುಗನಿಗೆ… ಅದು ಯಾರಿಂದ ಬಂದಿರಬಹುದು?"

"ಯಾರಿಂದಾದ್ರೂ. ಹತ್ತು ಜನರಲ್ಲಿ ಒಬ್ಬರ ಗಂಟಲಲ್ಲಿ ಅದು ಸುಮ್ನೆ ಕೂತಿರುತ್ತೆ, ಅವರಿಗೇ ಗೊತ್ತಿರಲ್ಲ. ಶಾಲೆಯಿಂದ ಬಂದಿರಬಹುದು. ಮನೇಲೇ ಯಾರ ಗಂಟಲಲ್ಲಾದ್ರೂ ಇದ್ದಿರಬಹುದು. ಅಪ್ಪ, ಅಮ್ಮ, ನೀವು. ಯಾರು ಅಂತ ಹೇಳೋದು."

ನೀವು, ಎಂದು ಅವರು ಎಷ್ಟು ಸಲೀಸಾಗಿ ಹೇಳಿದರು. ನಡುವಿನವನೂ ಅವಳೂ ಒಂದೇ ಚಾಪೆಯಲ್ಲಿ, ಒಂದೇ ಹೊದಿಕೆಯೊಳಗೆ ಮೂಗಿಗೆ ಮೂಗು ತಾಗಿಸಿಕೊಂಡು ಮಲಗುತ್ತಿದ್ದರು. ಅವಳು ಕಚ್ಚಿದ ಪೆಪ್ಪರಮೆಂಟಿನ ಅರ್ಧ ಅವನ ಬಾಯಿಗೆ. ಊದಿ ಊದಿ ದಣಿದ ಬಲೂನಿನ ಬಾಯಿ ಇವಳ ಬಾಯಿಂದ ಅವನ ಬಾಯಿಗೆ. ಅವಳು ಗಂಟಲು ಹಿಡಿದುಕೊಂಡಳು.

ಅಮ್ಮ ವಾರ್ಡಿನ ಹೊರಗೆ ಕಾರಿಡಾರಿನ ಬೆಂಚಿನಲ್ಲಿದ್ದಳು. ತಮ್ಮನಿಗೆ ನಿದ್ದೆ ಹತ್ತಿತ್ತು. ಇವಳು ಬಂದು ಪಕ್ಕದಲ್ಲಿ ಕೂತಳು. ಅಮ್ಮ ಅಭ್ಯಾಸದಂತೆ ಸ್ವಲ್ಪ ಅತ್ತ ಸರಿದಳು. ಹೇಗೆ ಹೇಳುವುದೆಂದು ತಿಳಿಯದೆ, ಚಿಕ್ಕಂದಿನಲ್ಲಿ ಅಮ್ಮ ಕತೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳತೊಡಗಿದಳು.

"ಅಮ್ಮ, ಮೈಯೊಳಗೆ ಒಂದು ಬೀದಿ ಇದೆ ಅಂದ್ಕೋ. ಅಲ್ಲಿಗೊಬ್ಬ ಕಳ್ಳ ಬರ್ತಾನೆ. ಕಾವಲುಗಾರರು ಅವನ ಬೆನ್ನಿಗೆ ಸುಣ್ಣದ ಗುರುತು ಹಾಕ್ತಾರೆ. ಹಿಡಿಯೋದು ಬಡಿಯೋದು ಅವರಿಂದಾಗಲ್ಲ. ಗುರುತು ನೋಡಿ ಬೀದಿಯವರು ಒಬ್ಬರನ್ನೊಬ್ಬರು ಕೂಗಿ ಕರೆದು, ಸುತ್ತುಗಟ್ಟಿ ಬಡೀಬೇಕು. ನಮ್ಮ ಹುಡುಗನ ಮೈಯಲ್ಲಿ ಗುರುತು ಹಾಕೋರಿದ್ದಾರೆ. ಬಡಿಯೋರಲ್ಲಿ ಯಾರೋ ಒಬ್ಬ ಹುಟ್ಟಿದಾಗಿಂದ್ಲೇ ಇಲ್ಲ."

"ನಮ್ಮ ನೆಂಟರ ಹಾಗೆ ಅನ್ನು" ಎಂದಳು ಅಮ್ಮ. "ಬೆರಳು ತೋರಿಸೋಕೆ ಊರೆಲ್ಲ ಇದ್ದಾರೆ, ಕೈ ಹಾಕೋಕೆ ಒಬ್ಬರಿಲ್ಲ."

ಅಮ್ಮ ಯಾವ ಕುಟುಕೂ ಇಲ್ಲದೆ ಆಡಿದ ಮಾತು. ಇವಳ ತೋರುಬೆರಳು ತಾನಾಗಿ ಮಡಚಿಕೊಂಡಿತು.

"ಇದಕ್ಕೆ ಔಷಧಿ?"

"ಲಸಿಕೆ ಇದೆ. ಗುರುತು ಹಾಕೋರು ಜಾಸ್ತಿಯಾದ್ರೆ ಬೇರೆ ತರದವರು ಬಂದು ಕಳ್ಳನನ್ನ ನುಂಗ್ತಾರೆ. ಮತ್ತೆ, ಚೂರು ಜ್ವರ ಬಂದ್ರೂ ಓಡಿ ಬರ್ಬೇಕು, ಕಾಯೋ ಹಾಗಿಲ್ಲ. ಹಾಗಿದ್ರೆ ಬದುಕ್ತಾನೆ ಅಮ್ಮ. ಚೆನ್ನಾಗೇ ಬದುಕ್ತಾನೆ."

ಅಮ್ಮ ತಲೆಯಾಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಡುವಿನವನಿಗೂ ಇದೇನಾ?"

"ಇದೇ ಇರ್ಬೇಕು."

"ಹಾಗಾದ್ರೆ ನನ್ನ ಕೈಯಿಂದ ಅಲ್ಲ?"

"ಅಲ್ಲ. ಅದು ಕೈಯಿಂದ ಹರಡೋದೇ ಅಲ್ಲ. ಕೆಲಸ ಕಲಿಯೋವಾಗ್ಲೇ ಓದಿದ್ದೆ. ನಂಗೆ ಗೊತ್ತಿತ್ತು ಅಮ್ಮ."

ಅಮ್ಮ ಅಳುತ್ತಾಳೆಂದುಕೊಂಡಳು, ಬೈಯುತ್ತಾಳೆಂದುಕೊಂಡಳು. ಬೈದರೆ ಕಾಲು ಹಿಡಿಯಲು ಸಿದ್ಧಳಾಗಿದ್ದಳು. ಅಮ್ಮ ಆ ಕೊನೆಯ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಅವಳ ಮುಖದಲ್ಲಿ ಬಿಡುಗಡೆಯಿರಲಿಲ್ಲ. ಸಂತೆಯಲ್ಲಿ ಮಗುವಿನ ಕೈ ಜಾರಿದ್ದು ಆಗಷ್ಟೇ ಗೊತ್ತಾದವಳ ಬಿಳುಪು ಅಲ್ಲಿ ಹರಡುತ್ತಿತ್ತು.

"ಕೈಯಿಂದ ಅಂತಿದ್ದಾಗ ತೊಳೀಬಹುದಿತ್ತು" ಎಂದಳು. "ಹುಟ್ಟಿದಾಗಿಂದ್ಲೇ ಇಲ್ಲ ಅಂದ್ರೆ ನನ್ನ ಹೊಟ್ಟೆಯಿಂದ್ಲೇ ಅಂತಾಯ್ತಲ್ಲ. ಅದನ್ನ ಎಲ್ಲಿ ತೊಳೀಲೇ?"

"ನಿನ್ನೊಬ್ಬಳಿಂದ ಅಲ್ಲಮ್ಮ. ಅಪ್ಪನಿಂದ ಅರ್ಧ, ನಿನ್ನಿಂದ ಅರ್ಧ. ಎರಡೂ ಕೂಡಿದಾಗ ಮಾತ್ರ…"

"ಅವರನ್ನ ಎಳೀಬೇಡ. ಸತ್ತವರು, ಬಂದು ಮಾತಾಡೋಕಾಗುತ್ತಾ?"

ಬಿಡಿಸಲು ಹೋದ ಗಂಟು ಕೈಯಲ್ಲೇ ಇನ್ನೊಂದು ಗಂಟಾಗಿತ್ತು. ತಪ್ಪು ಯಾರದೂ ಅಲ್ಲವೆಂದು ಹೇಳಲು ಬಂದವಳ ಮಾತು, ತಾಯಿಯ ಕೈಯಿಂದ ತೆಗೆದು ತಾಯಿಯ ಒಡಲಿಗೇ ಹೊರಿಸಿತ್ತು. ಬಿಳಿ ಬಟ್ಟೆಯ ನರ್ಸೊಬ್ಬಳು ಟ್ರೇ ಹಿಡಿದು ದಾಟಿಹೋದಳು. ಅಮ್ಮ ಅವಳನ್ನು ನೋಡುತ್ತಿದ್ದಳು, ಆದರೆ ಯೋಚನೆ ಬೇರೆ ಎಲ್ಲೋ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಅದು ಎಲ್ಲಿಗೆ ಇಳಿದು ನಿಲ್ಲುತ್ತದೆಂದು ಇವಳಿಗೆ ಅಮ್ಮ ತಿರುಗುವ ಒಂದು ಚಣ ಮೊದಲು ಹೊಳೆಯಿತು.

"ಮೂವರೂ ಒಂದೇ ಹೊಟ್ಟೆಯವರು" ಎಂದಳು ಅಮ್ಮ. "ನಿನ್ನ ರಕ್ತ ನೋಡಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳದೆ ಉಳಿದ ಮಾತುಗಳ ಸಾಲಿಗೆ ಇನ್ನೊಂದು ಸೇರಿದರೆ ಏನಾಗುತ್ತಿತ್ತು?

"ನೋಡಿದ್ರು. ಕರಗಲಿಲ್ಲ. ನನ್ನಲ್ಲೂ ಇಲ್ಲ."

ಅಮ್ಮ ಬೆಂಚಿನಿಂದ ಎದ್ದದ್ದು ಆ ವಯಸ್ಸಿನವರು ಏಳುವ ಹಾಗಿರಲಿಲ್ಲ. ಸೆರಗಿನೊಳಗಿನಿಂದ ಕೈಗಳೆರಡೂ ಹೊರಬಂದವು. "ಜ್ವರ ಇದೆಯೇನೇ ನಿಂಗೆ?" ಎಂದಳು. "ಈಗ? ಮೈ ಬಿಸಿ ಇದೆಯಾ? ಕತ್ತು ನೋಯುತ್ತಾ? ಹೇಳೇ!" ಒಂದು ಕೈ ಮಗಳ ಹಣೆಯ ಕಡೆಗೆ ಬಂತು, ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು, ಕಣ್ಣುಗಳು ಕಾರಿಡಾರಿನ ಉದ್ದಕ್ಕೂ ನಲ್ಲಿ ಎಲ್ಲಿದೆಯೆಂದು ಹುಡುಕಿದವು. ಇವಳು ಮುಂದಕ್ಕೆ ಬಾಗಿದಳು. ಹಣೆಗೆ ತಾಗಿದ ಅಂಗೈ ಮರದ ತೊಗಟೆಯಷ್ಟು ಒರಟಾಗಿತ್ತು. ಅಷ್ಟು ಒರಟೆಂದು ಇವಳಿಗೆ ಗೊತ್ತಿರಲಿಲ್ಲ. ಅಮ್ಮ ಕೈ ಕದಲಿಸದೆ, ಕಣ್ಣು ಮುಚ್ಚಿ, ಗೋಡೆಯಾಚೆಯ ಸದ್ದಿಗೆ ಕಿವಿಗೊಟ್ಟವಳಂತೆ ನಿಂತಳು. ಏನು ಹೇಳುತ್ತಾಳೋ ಎಂದು ಇವಳು ಉಸಿರು ಬಿಗಿಹಿಡಿದು ಕಾದಳು.